ಬೇಗಡೆಯ ಕಿರೀಟ

ಶಾಲೆಯ ವಾರ್ಷಿಕೋತ್ಸವದ ದಿನ. ಸಂಜೆ ನಾಟಕ ಆರಂಭವಾಗುತ್ತದೆ. ತೆರೆ ಸರಿಯುತ್ತದೆ. ರಾಜನು ಸಿಂಹಾಸನದ ಮೇಲೆ ಕುಳಿತಿದ್ದಾನೆ. ಅವನ ತಲೆಯ ಮೇಲೆ ದೊಡ್ಡ ಕಿರೀಟವಿದೆ. ಭುಜಗಳ ಮೇಲೆ ಭುಜಕೀರ್ತಿಗಳಿವೆ. ಎದೆಯ ಮೇಲೆ ಪದಕ, ಕಿವಿಗಳಲ್ಲಿ ಕುಂಡಲ. ದೀಪದ ಬೆಳಕಿಗೆ ಎಲ್ಲವೂ ಝಗಝಗಿಸುತ್ತವೆ. ಕಟ್ಟಕಡೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ಇವನೇ ರಾಜನೆಂದು ತಿಳಿಯುತ್ತದೆ. ರಾಜನು ಇನ್ನೂ ಒಂದು ಮಾತನ್ನೂ ಆಡಿಲ್ಲ. ಅವನ ಪರವಾಗಿ ಕಿರೀಟವೇ ಮಾತನಾಡಿದೆ.

ಆ ಕಿರೀಟ ಚಿನ್ನದ್ದಲ್ಲವೆಂದು ನಿಮಗೆಲ್ಲ ಗೊತ್ತು. ಹಾಗಾದರೆ ಅದು ಯಾವುದರದು? ಅದನ್ನು ಯಾರು ಮಾಡಿದರು? ನಮ್ಮ ಕೈಯಿಂದ ಅಂಥದೊಂದನ್ನು ಮಾಡಬಹುದೇ?

ಮಾಡಬಹುದು. ಮಾಡಲೇಬೇಕಾದ ಒಂದು ಕಾರಣವೂ ಇದೆ. ಪಟ್ಟಣದ ಅಂಗಡಿಯಲ್ಲಿ ವೇಷಗಳು ಬಾಡಿಗೆಗೆ ಸಿಗುತ್ತವೆ. ಆದರೆ ಬಾಡಿಗೆಗೆ ಹಣ ಬೇಕು. ಹಣ ತಂದವರು ರಾಜ, ರಾಣಿ, ಮಂತ್ರಿ ಆಗುತ್ತಾರೆ. ತರಲಾಗದವರು ಊರ ಜನರ ಗುಂಪಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತನಾಡಬಲ್ಲ ಹುಡುಗಿಯೊಬ್ಬಳು ಇರಬಹುದು. ಕಿರೀಟವನ್ನು ಮಾಡಲು ಕಲಿತ ತರಗತಿಯಲ್ಲಿ ಅವಳೂ ರಾಜನಾಗಬಹುದು.

ಮೊದಲು ತೂಕದ ವಿಷಯ ನೋಡೋಣ. ಒಂದು ಬೆಂಕಿಪೊಟ್ಟಣವನ್ನು ಕೈಯಲ್ಲಿ ಹಿಡಿಯಿರಿ. ಅದರ ಗಾತ್ರ ಸುಮಾರು 20 ಘನ ಸೆಂಟಿಮೀಟರ್. ಅಷ್ಟೇ ಗಾತ್ರದ ನೀರಿನ ತೂಕ 20 ಗ್ರಾಂ. ಅಷ್ಟೇ ಗಾತ್ರದ ಚಿನ್ನದ ತೂಕ ಎಷ್ಟಿರಬಹುದು? ಸುಮಾರು 386 ಗ್ರಾಂ! ಬೆಂಕಿಪೊಟ್ಟಣದಷ್ಟು ಚಿನ್ನವೇ ಅರ್ಧ ಕಿಲೋದ ಹತ್ತಿರ ತೂಗಿದರೆ, ಮೊಣಕೈ ಉದ್ದದ ಕಿರೀಟ ಎಷ್ಟು ತೂಗೀತು? ಅದನ್ನು ಹೊತ್ತು ಕುಣಿಯುವುದಿರಲಿ, ಕುತ್ತಿಗೆ ತಿರುಗಿಸುವುದೂ ಕಷ್ಟ. ಆದ್ದರಿಂದ ರಂಗದ ಆಭರಣಕ್ಕೆ ಬೇರೆಯ ನಿಯಮವಿದೆ. ಅದು ದೊಡ್ಡದಾಗಿರಬೇಕು, ಹಗುರವಾಗಿರಬೇಕು, ದೂರದಿಂದ ಹೊಳೆಯಬೇಕು. ಹತ್ತಿರದಿಂದ ನೋಡಿದಾಗ ಒರಟಾಗಿ ಕಂಡರೂ ಚಿಂತೆಯಿಲ್ಲ. ಅಕ್ಕಸಾಲಿಗನು ಮಾಡುವ ಒಡವೆಗೂ ವೇಷದ ಒಡವೆಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇಂಥ ಒಡವೆಗಳನ್ನು ನೀವು ಈಗಾಗಲೇ ಕಂಡಿದ್ದೀರಿ. ಮದುವೆಯಲ್ಲಿ ವಧೂವರರ ಹಣೆಗೆ ಬಾಸಿಂಗ ಕಟ್ಟುತ್ತಾರೆ. ಅದರಲ್ಲಿ ಬೆಂಡು, ಬಣ್ಣದ ಕಾಗದ, ಹೊಳೆಯುವ ಹಾಳೆ, ಮಣಿಗಳು ಇರುತ್ತವೆ. ಕೈಯಲ್ಲಿ ಹಿಡಿದರೆ ಹೂವಿನಷ್ಟು ಹಗುರ. ಕಾರಹುಣ್ಣಿಮೆಯಂದು ಎತ್ತುಗಳ ಕೊಂಬಿಗೆ ಬಣ್ಣ ಬಳಿದು, ಹೊಳೆಯುವ ಕಾಗದ ಸುತ್ತಿ, ಗೊಂಡೆ ಕಟ್ಟುತ್ತಾರೆ. ಆ ಹೊಳೆಯುವ ತೆಳುವಾದ ಹಾಳೆಗೆ ಬೇಗಡೆ ಎಂದು ಹೆಸರು. ತೆಲುಗಿನಲ್ಲಿ ಅದು ಬೇಗಡ. ನಮ್ಮ ಭಾಗದಲ್ಲಿ ಕೆಲವರು ಚಮಕಿ ಕಾಗದ ಎಂದೂ ಕರೆಯುತ್ತಾರೆ. ಕಿರೀಟಕ್ಕೂ ಹೀಗೆಯೇ ಹಲವು ಹೆಸರು. ಕನ್ನಡದಲ್ಲಿ ಕಿರೀಟ, ತೆಲುಗಿನಲ್ಲಿ ಕಿರೀಟಂ, ಮರಾಠಿಯಲ್ಲಿ ಮುಕುಟ, ಉರ್ದುವಿನಲ್ಲಿ ತಾಜ್. ಜಹೀರಾಬಾದಿನ ಸಂತೆಯಲ್ಲಿ ಯಾವ ಹೆಸರು ಹೇಳಿದರೂ ಅಂಗಡಿಯವನಿಗೆ ಅರ್ಥವಾದೀತು.

ಇದಕ್ಕೆ ಕಾರಣ ನಮ್ಮ ಪ್ರದೇಶದ ಇತಿಹಾಸ. 1956ಕ್ಕೆ ಮೊದಲು ಜಹೀರಾಬಾದ್ ಮತ್ತು ನಾರಾಯಣಖೇಡ ಪ್ರದೇಶಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಆಗ ಇವೆಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಯಿತು. ಬೀದರ ಮತ್ತು ಕಲಬುರಗಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಊರುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಇವು ತೆಲಂಗಾಣದಲ್ಲಿವೆ. ನಕ್ಷೆಯಲ್ಲಿ ಗೆರೆ ಬಿತ್ತು. ಆದರೆ ಜಾತ್ರೆಗೆ ಹೋಗುವ ಎತ್ತಿನ ಬಂಡಿಗಳಿಗೂ ವೇಷ ಹಾಕುವ ಕಲಾವಿದರಿಗೂ ಆ ಗೆರೆ ಅಡ್ಡಿಯಾಗಲಿಲ್ಲ.

ಗೆರೆಯ ಆ ಕಡೆ ದೊಡ್ಡಾಟವಿದೆ. ಈ ಕಡೆ ತೆಲುಗಿನ ಚಿಂದು ಯಕ್ಷಗಾನವಿದೆ. ಎರಡರಲ್ಲೂ ರಾಜರು, ರಾಕ್ಷಸರು, ಕಿರೀಟಗಳು, ಭುಜಕೀರ್ತಿಗಳು ಇವೆ. ನಿಜಾಮಾಬಾದ್ ಜಿಲ್ಲೆಯ ಚಿಂದುಲ ಎಲ್ಲಮ್ಮ ಎಂಬವರು ಚಿಂದು ಕಲೆಯಲ್ಲಿ ಬಹಳ ಹೆಸರುವಾಸಿಯಾಗಿದ್ದರು. ಅವರು ಹೆಣ್ಣಿನ ಪಾತ್ರಗಳನ್ನಷ್ಟೇ ಅಲ್ಲ, ಗಂಡಿನ ಪಾತ್ರಗಳನ್ನೂ ಮಾಡುತ್ತಿದ್ದರು. 2005ರಲ್ಲಿ ಅವರು ತೀರಿಕೊಂಡರು. ಹುಡುಗಿಯರು ರಾಜನಾಗಬಹುದೇ ಎಂದು ಯಾರಾದರೂ ಕೇಳಿದರೆ ಎಲ್ಲಮ್ಮನವರ ಹೆಸರು ಹೇಳಿರಿ.

ನಮ್ಮ ಊರುಗಳಿಗೆ ಬರುವ ಹಗಲುವೇಷದವರನ್ನೂ ಮರೆಯಬಾರದು. ಹೆಸರೇ ಹೇಳುವಂತೆ ಅವರು ಹಾಡಹಗಲೇ ವೇಷ ಹಾಕಿ ಬೀದಿಯಲ್ಲಿ ಬರುತ್ತಾರೆ. ರಾತ್ರಿಯ ಆಟದಲ್ಲಿ ಕತ್ತಲೆಯು ಸಣ್ಣಪುಟ್ಟ ತಪ್ಪುಗಳನ್ನು ಮುಚ್ಚುತ್ತದೆ. ಹಗಲಿನಲ್ಲಿ ಯಾವುದೂ ಮುಚ್ಚುವುದಿಲ್ಲ. ಮಕ್ಕಳು ಹತ್ತಿರ ಬಂದು ಮುಟ್ಟಿಯೂ ನೋಡುತ್ತಾರೆ. ಹಾಗಾಗಿ ಅವರ ಕೆಲಸ ಇನ್ನೂ ಕಠಿಣ.

ಕಿರೀಟ ಮಾಡುವ ಕಲೆ ಬಹಳ ವಿಸ್ತಾರವಾಗಿ ಬೆಳೆದಿರುವುದು ಕರಾವಳಿಯ ಯಕ್ಷಗಾನದಲ್ಲಿ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಈ ಕಲೆ ಹಬ್ಬಿದೆ. ಅಲ್ಲಿಯ ಜನ ಯಕ್ಷಗಾನವನ್ನು ಸುಮ್ಮನೆ ‘ಆಟ’ ಎನ್ನುತ್ತಾರೆ. ಹಿಂದೆಲ್ಲ ಆಟ ರಾತ್ರಿ ಆರಂಭವಾಗಿ ಬೆಳಗಾಗುವವರೆಗೆ ನಡೆಯುತ್ತಿತ್ತು. ವೇಷಧಾರಿಯು ಕುಣಿಯುತ್ತಾನೆ, ಹಾರುತ್ತಾನೆ, ಮಂಡಿಯೂರಿ ಗಿರಗಿರನೆ ತಿರುಗುತ್ತಾನೆ. ಅವನ ಮೈಮೇಲೆ ಕಿರೀಟ, ಕರ್ಣಪತ್ರ, ಭುಜಕೀರ್ತಿ, ಎದೆಪದಕ, ತೋಳ್ಕಟ್ಟು, ಕೈಕಟ್ಟು, ಸೊಂಟದ ಡಾಬು ಎಲ್ಲವೂ ಇರುತ್ತವೆ. ಇವುಗಳನ್ನು ಹಗುರವಾದ ಮರದಲ್ಲಿ ಕೆತ್ತುತ್ತಾರೆ. ಕೆತ್ತಿದ ಮರದ ಮೇಲೆ ಅಂಟು ಹಚ್ಚಿ ಚಿನ್ನದ ಬಣ್ಣದ ಬೇಗಡೆಯನ್ನು ಒತ್ತುತ್ತಾರೆ. ಕೆತ್ತನೆಯ ತಗ್ಗುದಿಣ್ಣೆಗಳ ಒಳಗೆಲ್ಲ ಬೇಗಡೆ ಕೂರಬೇಕು. ಇಲ್ಲದಿದ್ದರೆ ಸುಕ್ಕು ಕಾಣುತ್ತದೆ. ನಡುನಡುವೆ ಕೆಂಪು, ಹಸಿರು ಬಣ್ಣ ಕೊಟ್ಟು ಸಣ್ಣ ಸಣ್ಣ ಕನ್ನಡಿಯ ಚೂರುಗಳನ್ನು ಕೂರಿಸುತ್ತಾರೆ.

ಕನ್ನಡಿ ಏಕೆ? ಹಿಂದೆ ವಿದ್ಯುತ್ ದೀಪಗಳಿರಲಿಲ್ಲ. ದೀವಟಿಗೆ ಮತ್ತು ಎಣ್ಣೆಯ ದೀಪಗಳ ಬೆಳಕಿನಲ್ಲಿ ಆಟ ನಡೆಯುತ್ತಿತ್ತು. ದೀಪದ ಕುಡಿ ಗಾಳಿಗೆ ಅಲುಗುತ್ತದೆ. ವೇಷಧಾರಿಯೂ ಅಲುಗುತ್ತಾನೆ. ಆಗ ಪ್ರತಿಯೊಂದು ಕನ್ನಡಿಯ ಚೂರು ಒಂದೊಂದು ಕಡೆಗೆ ಬೆಳಕನ್ನು ಎಸೆಯುತ್ತದೆ. ನೋಡುವವರ ಕಣ್ಣಿಗೆ ಅದು ರತ್ನದಂತೆ ಮಿಂಚುತ್ತದೆ. ಮಂದ ಬೆಳಕಿನಲ್ಲಿ ನಿಜವಾದ ರತ್ನವಾದರೂ ಅಷ್ಟು ದೂರಕ್ಕೆ ಕಾಣುವುದು ಅನುಮಾನ. ನಮ್ಮ ತಾಂಡಾಗಳ ಲಂಬಾಣಿ ಅಮ್ಮಂದಿರ ಉಡುಪಿನ ಕನ್ನಡಿಗಳನ್ನು ನೆನಪಿಸಿಕೊಳ್ಳಿರಿ. ಹೊಲದ ಆಚೆ ಬದುವಿನಲ್ಲಿ ನಡೆದು ಹೋಗುವಾಗಲೂ ಅವು ಮಿನುಗುತ್ತವೆ.

ಮರ ಎಲ್ಲಿಂದ ಬರುತ್ತದೆ? ಮರಗೆಲಸಕ್ಕೆ ಸಾಗುವಾನಿ ಒಳ್ಳೆಯದು ಎನ್ನುತ್ತಾರೆ. ಕಿರೀಟಕ್ಕೆ ಅದು ಬೇಡ, ಭಾರ. ಬೇರೆ ಕೆಲಸಕ್ಕೆ ಬಾರದ ಮೆದುವಾದ ಮರಗಳೇ ಇಲ್ಲಿ ಬೆಲೆ ಬಾಳುತ್ತವೆ. ನಮ್ಮ ತೆಲಂಗಾಣದ ನಿರ್ಮಲ್ ಊರಿನ ಗೊಂಬೆಗಳನ್ನು ಪೊಣಿಕಿ ಎಂಬ ಮರದಿಂದ ಮಾಡುತ್ತಾರೆ. ಬೆಂಕಿಪೊಟ್ಟಣದ ಗಾತ್ರದ ಒಣ ಪೊಣಿಕಿ ಮರದ ತುಂಡು 10 ಗ್ರಾಂ ಕೂಡ ತೂಗುವುದಿಲ್ಲ. ಕರ್ನಾಟಕದ ಕೊಪ್ಪಳದ ಬಳಿ ಕಿನ್ನಾಳ ಎಂಬ ಊರಿದೆ. ಅಲ್ಲಿಯ ಚಿತ್ರಗಾರ ಮನೆತನದವರೂ ಹಗುರ ಮರದಲ್ಲಿ ಗೊಂಬೆ ಮತ್ತು ದೇವರ ಮೂರ್ತಿಗಳನ್ನು ಮಾಡುತ್ತಾರೆ.

ನಿರ್ಮಲ್ ಮತ್ತು ಕಿನ್ನಾಳ ಒಂದಕ್ಕೊಂದು ಬಹಳ ದೂರ. ಆದರೂ ಎರಡು ಊರಿನ ಕುಶಲಕರ್ಮಿಗಳಿಗೂ ಒಂದೇ ಗೆಳೆಯನಿದ್ದಾನೆ. ಅದು ಹುಣಸೆ ಬೀಜ! ಹುಣಸೆ ಬೀಜವನ್ನು ಅರೆದು ಬೇಯಿಸಿದರೆ ಗಟ್ಟಿಯಾದ ಅಂಟು ಆಗುತ್ತದೆ. ಅದಕ್ಕೆ ಮರದ ಹೊಟ್ಟನ್ನು ಕಲಸಿದರೆ ಕಣಕದಂತಾಗುತ್ತದೆ. ಆ ಕಣಕದಿಂದ ಗೊಂಬೆಯ ಮೂಗು, ಸರ, ಜಡೆಗಳನ್ನು ತಿದ್ದುತ್ತಾರೆ. ಒಣಗಿದ ಮೇಲೆ ಅದು ಕಟ್ಟಿಗೆಯಷ್ಟೇ ಗಟ್ಟಿ. ತೆಲಂಗಾಣದ ಚೇರಿಯಾಲ ಊರಿನ ಮುಖವಾಡಗಳಲ್ಲಿಯೂ ಇದೇ ಹುಣಸೆ ಬೀಜದ ಕಣಕವಿದೆ. ಕಂಬಳಿ ನೇಯುವವರು ನೂಲಿಗೆ ಗಂಜಿ ಹಾಕುವುದೂ ಹುಣಸೆ ಬೀಜದಿಂದಲೇ. ನಾವು ಹುಳಿ ಹಿಂಡಿಕೊಂಡು ಎಸೆಯುವ ಬೀಜ ಎಷ್ಟು ಜನರ ಅನ್ನಕ್ಕೆ ದಾರಿಯಾಗಿದೆ ನೋಡಿರಿ.

ಈಗ ಸ್ವಲ್ಪ ಹೊರಗಿನ ಪ್ರಪಂಚಕ್ಕೆ ಹೋಗಿ ಬರೋಣ. ನಿಮ್ಮಲ್ಲಿ ಹಲವರು ಮನೆಯ ಮೊಬೈಲಿನಲ್ಲಿ ವಿಡಿಯೋ ಗೇಮ್ ಆಡಿರಬಹುದು. ಗೇಮಿನಲ್ಲಿಯೂ ರಾಜಕುಮಾರಿಯರು, ವೀರರು, ರಾಕ್ಷಸರು ಇರುತ್ತಾರೆ. ಅವರಂತೆ ವೇಷ ಹಾಕಿಕೊಳ್ಳುವುದು ಇಂದು ಅನೇಕ ದೇಶಗಳ ಯುವಕ ಯುವತಿಯರ ಹವ್ಯಾಸ. ಇದಕ್ಕೆ ಕಾಸ್‌ಪ್ಲೇ ಎಂದು ಹೆಸರು. 1980ರ ದಶಕದಲ್ಲಿ ಜಪಾನಿನಲ್ಲಿ ಈ ಪದ ಹುಟ್ಟಿತು. ಇಂಗ್ಲಿಷಿನ ಎರಡು ಪದಗಳನ್ನು ಮೊಟಕು ಮಾಡಿ ಜೋಡಿಸಿದ್ದಾರೆ. ಒಂದರ ಅರ್ಥ ವೇಷ, ಇನ್ನೊಂದರ ಅರ್ಥ ಆಟ. ವೇಷದಾಟ! ಬಯಲಾಟ, ದೊಡ್ಡಾಟ ಎನ್ನುವ ನಮಗೆ ಇದೇನೂ ಹೊಸ ಮಾತಲ್ಲ. ಹೈದರಾಬಾದಿನಲ್ಲಿಯೂ ಕಾಮಿಕ್ ಕಾನ್ ಎಂಬ ಮೇಳ ನಡೆಯುತ್ತದೆ. ಅಲ್ಲಿ ಇಂಥ ವೇಷಧಾರಿಗಳನ್ನು ನೋಡಬಹುದು.

ಜಪಾನಿನಲ್ಲಿ 1986ರಲ್ಲಿ ಆರಂಭವಾದ ಒಂದು ಪ್ರಸಿದ್ಧ ಗೇಮ್ ಸರಣಿಯಲ್ಲಿ ಜೆಲ್ಡಾ ಎಂಬ ರಾಜಕುಮಾರಿ ಇದ್ದಾಳೆ. ಅವಳಿಗೆ ಹಣೆಯ ಮೇಲೆ ಚಿನ್ನದ ಪಟ್ಟಿ ಇದೆ. ಕಿವಿಯಲ್ಲಿ ಓಲೆ ಇದೆ. ಕೆಲವು ಗೇಮುಗಳಲ್ಲಿ ಭುಜಗಳ ಮೇಲೆ ಚಿನ್ನದ ಕವಚವೂ ಇದೆ. ನಮ್ಮ ರಾಜನ ಭುಜಕೀರ್ತಿ ಅವಳವರೆಗೆ ಹೇಗೆ ಹೋಯಿತೋ ಎನ್ನಿಸುತ್ತದೆ! 1997ರಲ್ಲಿ ಬಂದ ಫೈನಲ್ ಫ್ಯಾಂಟಸಿ 7 ಎಂಬ ಗೇಮಿನ ನಾಯಕನ ಕತ್ತಿ ಹೆಚ್ಚು ಕಡಿಮೆ ಅವನಷ್ಟೇ ಉದ್ದವಿದೆ, ಹಲಗೆಯಷ್ಟು ಅಗಲವಿದೆ. ಅದನ್ನು ಅವನು ಕಡ್ಡಿಯಂತೆ ತಿರುಗಿಸುತ್ತಾನೆ.

ಇಲ್ಲಿ ಒಂದು ವಿಷಯ ಗಮನಿಸಿರಿ. ಗೇಮಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಕಂಪ್ಯೂಟರಿನಲ್ಲಿರುವ ಕತ್ತಿಗೆ ತೂಕವಿಲ್ಲ. ತಲೆಗಿಂತ ದೊಡ್ಡದಾದ ಭುಜಕೀರ್ತಿಯನ್ನು ಬರೆದರೂ ಚಿತ್ರದ ಹುಡುಗಿಗೆ ಭುಜ ನೋಯುವುದಿಲ್ಲ. ಆದರೆ ಅದೇ ವೇಷವನ್ನು ಹಾಕಿಕೊಳ್ಳುವ ನಿಜವಾದ ಹುಡುಗಿಗೆ ನಿಜವಾದ ಭುಜವಿದೆ. ಅವಳು ಬಾಗಬೇಕು, ಬಾಗಿಲು ದಾಟಬೇಕು, ಇಡೀ ದಿನ ನಡೆಯಬೇಕು. ಆಗ ಅವಳ ಮುಂದೆ ಬಂದು ನಿಲ್ಲುವುದು ಯಕ್ಷಗಾನದ ಕುಶಲಕರ್ಮಿಯ ಹಳೆಯ ಪ್ರಶ್ನೆಯೇ. ದೊಡ್ಡದಾಗಿ ಕಾಣಬೇಕು, ಹಗುರವಾಗಿರಬೇಕು. ಏನು ಮಾಡುವುದು?

ಅವರು ಚಪ್ಪಲಿಯ ಅಟ್ಟೆಗೆ ಬಳಸುವಂಥ ಮೆತ್ತನೆಯ ಫೋಮ್ ಹಾಳೆಗಳನ್ನು ತರುತ್ತಾರೆ. ಕತ್ತರಿಸುತ್ತಾರೆ. ಬಿಸಿ ಮಾಡಿದರೆ ಫೋಮ್ ಮೆದುವಾಗುತ್ತದೆ. ಆಗ ಭುಜದ ಆಕಾರಕ್ಕೆ ಬಗ್ಗಿಸಿ ಹಿಡಿಯುತ್ತಾರೆ. ತಣ್ಣಗಾದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಮೇಲೆ ಚಿನ್ನದ ಬಣ್ಣ ಬಳಿಯುತ್ತಾರೆ. ಮರದ ಬದಲು ಫೋಮ್, ಬೇಗಡೆಯ ಬದಲು ಬಣ್ಣ, ಅಷ್ಟೇ. ಆದರೆ ಮಕ್ಕಳೇ, ಫೋಮ್ ಅಥವಾ ಥರ್ಮಾಕೋಲನ್ನು ನೀವು ಬಿಸಿ ಮಾಡಬಾರದು, ಸುಡಲೂ ಬಾರದು. ಅದರಿಂದ ಬರುವ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ನಮಗೆ ಅದರ ಅಗತ್ಯವೂ ಇಲ್ಲ. ನಮ್ಮ ಸುತ್ತಮುತ್ತ ಬೇಕಾದಷ್ಟು ಸಾಮಾನುಗಳಿವೆ.

ಬನ್ನಿರಿ, ಕಿರೀಟ ಮಾಡೋಣ. ಇದಕ್ಕೆ ಒಂದು ವಾರ ಬೇಕು. ಕೆಲಸಕ್ಕೆ ಹಿಡಿಯುವ ಸಮಯ ಕಡಿಮೆ, ಒಣಗಲು ಹಿಡಿಯುವ ಸಮಯ ಹೆಚ್ಚು. ವಾರ್ಷಿಕೋತ್ಸವದ ಹಿಂದಿನ ರಾತ್ರಿ ಆರಂಭಿಸಿದರೆ ಹಸಿ ಕಿರೀಟವನ್ನೇ ತಲೆಗೆ ಇಟ್ಟುಕೊಳ್ಳಬೇಕಾಗುತ್ತದೆ!

ಮೊದಲು ಅಂಟು. ಒಂದು ಹಿಡಿ ಹುಣಸೆ ಬೀಜಗಳನ್ನು ಹುರಿದು, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿರಿ. ಬೆಳಿಗ್ಗೆ ಕಂದು ಸಿಪ್ಪೆಯನ್ನು ತೆಗೆಯಿರಿ. ಒಳಗಿನ ಬಿಳಿ ಬೇಳೆಯನ್ನು ನುಣ್ಣಗೆ ಅರೆಯಿರಿ. ಅದಕ್ಕೆ ನೀರು ಬೆರೆಸಿ ಒಲೆಯ ಮೇಲಿಟ್ಟು ಗಂಟಾಗದಂತೆ ಕಲಕುತ್ತಿರಬೇಕು. ಒಲೆಯ ಕೆಲಸವನ್ನು ಮನೆಯ ದೊಡ್ಡವರು ಮಾಡಲಿ. ಗಂಜಿಯಂತೆ ಗಟ್ಟಿಯಾದಾಗ ಇಳಿಸಬೇಕು. ಈ ಅಂಟು ಎರಡು ಮೂರು ದಿನಗಳಲ್ಲಿ ಕೆಡುತ್ತದೆ. ಕೆಡದಿರಲೆಂದು ಕೆಲವರು ಇಂಥ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಮೈಲುತುತ್ತ ವಿಷ. ನಾವು ಹಾಕುವುದು ಬೇಡ. ಬೇಕಾದಷ್ಟನ್ನೇ ಮಾಡಿಕೊಂಡರೆ ಸಾಕು.

ಅನಂತರ ಅಳತೆ. ತಲೆಗೆ ಮೊದಲು ತೆಳುವಾದ ಬಟ್ಟೆಯನ್ನು ಸುತ್ತಿರಿ. ಬಟ್ಟೆ ಬೆವರನ್ನು ಹೀರುತ್ತದೆ, ಕಿರೀಟ ಜಾರದಂತೆಯೂ ಹಿಡಿಯುತ್ತದೆ. ಆಮೇಲೆ ಹುಬ್ಬಿನ ಮೇಲ್ಭಾಗದಿಂದ ತಲೆಯ ಸುತ್ತ ಒಂದು ದಾರವನ್ನು ಸುತ್ತಿ ಅಳೆಯಿರಿ. ಬಟ್ಟೆ ಸುತ್ತಿದ ನಂತರ ಅಳತೆ 54 ಸೆಂಟಿಮೀಟರ್ ಬಂದಿತು ಎನ್ನೋಣ. ತುದಿಗಳು ಒಂದರ ಮೇಲೊಂದು ಬರಲು 3 ಸೆಂಟಿಮೀಟರ್ ಸೇರಿಸಿರಿ. ಒಟ್ಟು 57 ಸೆಂಟಿಮೀಟರ್. ಈ ಲೆಕ್ಕ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹಳೆಯ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿರಿ. ಆ ರಟ್ಟಿನ ಒಳಗೆ ಅಲೆ ಅಲೆಯಾದ ಕಾಗದವಿರುತ್ತದೆ. ಅಲೆಗಳ ಗೆರೆಗಳು ಯಾವ ದಿಕ್ಕಿಗಿವೆ ಎಂದು ನೋಡಿರಿ. ಪಟ್ಟಿಯನ್ನು ಕತ್ತರಿಸುವಾಗ ಆ ಗೆರೆಗಳು ನೆಟ್ಟಗೆ ನಿಂತಿರಬೇಕು. ಆಗ ಪಟ್ಟಿ ಸುಲಭವಾಗಿ ದುಂಡಗೆ ಬಾಗುತ್ತದೆ. ಗೆರೆಗಳು ಅಡ್ಡ ಬಂದರೆ ಬಾಗುವಾಗ ರಟ್ಟು ಮುರಿಯುತ್ತದೆ. ಪಟ್ಟಿಯ ಉದ್ದ 57, ಎತ್ತರ 6 ಸೆಂಟಿಮೀಟರ್ ಇರಲಿ.

ಕಿರೀಟದ ಮುಂಭಾಗದ ಆಕಾರವನ್ನು ಒಂದೇ ಸಲ ಬರೆಯಲು ಹೋಗಬೇಡಿರಿ. ಎಡ ಬಲ ಬೇರೆ ಬೇರೆಯಾಗುತ್ತವೆ. ಹಳೆಯ ಪತ್ರಿಕೆಯ ಹಾಳೆಯನ್ನು ನಡುವೆ ಮಡಿಸಿರಿ. ಮಡಿಕೆಗೆ ಹೊಂದಿಕೊಂಡು ಅರ್ಧ ಕಿರೀಟವನ್ನು ಮಾತ್ರ ಬರೆಯಿರಿ. ಕತ್ತರಿಸಿ ಬಿಡಿಸಿದರೆ ಪೂರ್ತಿ ಕಿರೀಟ, ಎರಡು ಕಡೆಯೂ ಒಂದೇ ರೀತಿ! ಅದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿರಿ. ಎತ್ತರ 20 ಸೆಂಟಿಮೀಟರ್ ಸಾಕು. ಇನ್ನೂ ಎತ್ತರ ಮಾಡಿದರೆ ತಲೆ ಬಾಗಿಸಿದಾಗ ಅದು ಮುಂದಕ್ಕೆ ಎಳೆಯುತ್ತದೆ.

ಈಗ ಪತ್ರಿಕೆಯ ಕಾಗದವನ್ನು ಎರಡು ಬೆರಳಗಲದ ಚೂರುಗಳಾಗಿ ಹರಿಯಿರಿ. ಅಂಟಿನಲ್ಲಿ ಅದ್ದಿ ರಟ್ಟಿನ ಎರಡೂ ಬದಿಗೆ ಹಚ್ಚಿರಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹೀಗೆ ಮೂರು ಪದರಗಳು. ಒಂದೇ ಬದಿಗೆ ಹಚ್ಚಿದರೆ ಆ ಬದಿ ಒಣಗುವಾಗ ಕುಗ್ಗಿ ರಟ್ಟನ್ನು ಸೊಟ್ಟ ಮಾಡುತ್ತದೆ. ಬಿಸಿಲಿಗೂ ಇಡಬಾರದು, ನೆರಳಿನಲ್ಲಿ ನಿಧಾನವಾಗಿ ಒಣಗಲಿ. ಪಟ್ಟಿಯನ್ನು ಒಂದು ಗಡಿಗೆಗೆ ಸುತ್ತಿ ಒಣಗಿಸಿದರೆ ದುಂಡಗೆ ನಿಲ್ಲುತ್ತದೆ. ಮುಂಭಾಗದ ತುಂಡು ಅರ್ಧ ಒಣಗಿದಾಗ ಅದನ್ನು ಎರಡು ಬಂಡೆಗಳ ನಡುವೆ ಒತ್ತಿ ಇಡಿರಿ. ತಾಂಡೂರಿನ ಕಡೆಯವರಿಗೆ ಬಂಡೆಗೇನು ಕೊರತೆ? ನೆಲಕ್ಕೆ ಹಾಸುವ ನುಣುಪಾದ ಕಲ್ಲಿಗಾಗಿಯೇ ಆ ಊರು ದೇಶಕ್ಕೆಲ್ಲ ಗೊತ್ತು. ಉಳಿದವರು ಮಸಾಲೆ ಅರೆಯುವ ಕಲ್ಲನ್ನು ಕೇಳಿ ಪಡೆಯಿರಿ.

ಒಣಗಿದ ರಟ್ಟನ್ನು ಬೆರಳಿನಿಂದ ತಟ್ಟಿರಿ. ಟಕಟಕ ಎಂದು ಮರದ ಸದ್ದು ಬಂದರೆ ಸಿದ್ಧವಾಯಿತು. ದಪ್ ಎಂದರೆ ಒಳಗೆ ಇನ್ನೂ ಹಸಿ ಇದೆ.

ಇನ್ನು ಬಹಳ ಸಂತೋಷದ ಕೆಲಸ. ಅದು ಅಲಂಕಾರ. ನಮಗೆ ಮರ ಕೆತ್ತಲು ಬರುವುದಿಲ್ಲ. ಆದರೆ ಕೆತ್ತಿದಂತೆ ಕಾಣಿಸಬಹುದು. ಗೋಣಿಯ ಹುರಿಯನ್ನು ಅಂಟಿನಲ್ಲಿ ಅದ್ದಿ ಕಿರೀಟದ ಮೇಲೆ ಬಳ್ಳಿ, ಮಾವಿನಕಾಯಿ, ನವಿಲಿನ ಆಕಾರಗಳಲ್ಲಿ ಕೂರಿಸಿರಿ. ತೊಗರಿ ಬೇಳೆ, ಹುಣಸೆ ಬೀಜಗಳನ್ನು ಸಾಲಾಗಿ ಅಂಟಿಸಿರಿ. ಒಣಗಿದ ಮೇಲೆ ಬೆಳ್ಳಿಯ ಬಣ್ಣದ ಬೇಗಡೆಯನ್ನು ಅದರ ಮೇಲೆ ಹೊದಿಸಿರಿ. ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತಿರಿ. ಹುರಿಯ ಆಕಾರ ಮೇಲೆದ್ದು ಕಾಣುತ್ತದೆ. ನೋಡಿದವರು ಲೋಹದ ಮೇಲೆ ಕೆತ್ತಿದ್ದಾರೆಂದೇ ತಿಳಿಯುತ್ತಾರೆ. ಬಿಸ್ಕತ್ತು ಪೊಟ್ಟಣದ ಒಳಬದಿಯೂ ಬೆಳ್ಳಿಯಂತೆ ಹೊಳೆಯುತ್ತದೆ. ಅದನ್ನು ಒರೆಸಿ ಬಳಸಬಹುದು.

ಬೆಳ್ಳಿ ಚಿನ್ನವಾಗಬೇಕೇ? ಅದರ ಮೇಲೆ ಹಳದಿ ಬಣ್ಣದ ಪಾರದರ್ಶಕ ಕಾಗದವನ್ನು ಹೊದಿಸಿರಿ. ಸಂತೆಯಲ್ಲಿ ಇದನ್ನು ಜಿಲೇಟಿನ್ ಕಾಗದ ಎನ್ನುತ್ತಾರೆ. ಕೆಳಗಿನ ಬೆಳ್ಳಿ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಆ ಬೆಳಕು ಹಳದಿ ಹಾಳೆಯನ್ನು ದಾಟಿ ಬರುವಾಗ ಚಿನ್ನದಂತೆ ಕಾಣುತ್ತದೆ. ಬರೀ ಹಳದಿ ಬಣ್ಣ ಬಳಿದರೆ ಹಾಗೆ ಕಾಣುವುದಿಲ್ಲ. ಅರಿಶಿನ ಹಚ್ಚಿದಂತೆ ಕಾಣುತ್ತದೆ. ಮಾಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ರತ್ನಗಳಿಗಾಗಿ ಕನ್ನಡಿಯನ್ನು ನೀವು ಒಡೆಯಬೇಡಿರಿ. ಲಂಬಾಣಿ ಉಡುಪಿಗೆ ಹೊಲಿಯುವ ದುಂಡನೆಯ ಕನ್ನಡಿಗಳು ಅಂಗಡಿಯಲ್ಲಿ ಸಿಗುತ್ತವೆ. ಇಲ್ಲವೇ ಹಳೆಯ ಗುಂಡಿಗಳಿಗೆ ಬೇಗಡೆ ಸುತ್ತಿ ಕೂರಿಸಿರಿ. ಮುತ್ತುಗಳಿಗೆ ಜೋಳದ ದಂಟಿನ ಬೆಂಡು ಇದೆ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬಿಳಿಯ ಮೆದು ಬೆಂಡು ಇರುತ್ತದೆ. ಅದರಿಂದ ಬಂಡಿ, ಕನ್ನಡಕ ಮಾಡಿ ನೀವು ಆಡಿರಬಹುದು. ಅದನ್ನೇ ಸಣ್ಣದಾಗಿ ಕತ್ತರಿಸಿ ಪೋಣಿಸಿದರೆ ಮುತ್ತಿನ ಸಾಲು. ಸುಲಿಯುವಾಗ ಮಾತ್ರ ಎಚ್ಚರ, ದಂಟಿನ ಸಿಪ್ಪೆ ಬೆರಳನ್ನು ಕುಯ್ಯುತ್ತದೆ. ಬಂಗಾಳದಲ್ಲಿ ಮದುಮಗನ ಕಿರೀಟವನ್ನು ಇಂಥದೇ ಬೆಂಡಿನಿಂದ ಮಾಡುತ್ತಾರೆ. ಅದು ಜೌಗು ನೆಲದಲ್ಲಿ ಬೆಳೆಯುವ ಶೋಲಾ ಎಂಬ ಗಿಡದ ಬೆಂಡು.

ಸರಕ್ಕೆ ಕಾಗದದ ಮಣಿಗಳು ಚೆನ್ನ. ಬಣ್ಣದ ಕಾಗದವನ್ನು 20 ಸೆಂಟಿಮೀಟರ್ ಉದ್ದದ ಮೊನಚು ತ್ರಿಕೋನಗಳಾಗಿ ಕತ್ತರಿಸಿರಿ. ಅಗಲವಾದ ತುದಿಯಿಂದ ಪೊರಕೆ ಕಡ್ಡಿಗೆ ಸುತ್ತುತ್ತ ಬನ್ನಿರಿ. ಕೊನೆಗೆ ಅಂಟು ಹಚ್ಚಿ ಕಡ್ಡಿಯನ್ನು ಎಳೆದುಕೊಳ್ಳಿರಿ. ನಡುವೆ ಉಬ್ಬಿದ ಅಂದವಾದ ಮಣಿ ಸಿದ್ಧ.

ಒಂದು ಬೀಜವನ್ನು ಮಾತ್ರ ಮುಟ್ಟಬೇಡಿರಿ. ಅದು ಗುಲಗಂಜಿ. ಕೆಂಪು ಮೈ, ಕಪ್ಪು ಚುಕ್ಕೆ, ನೋಡಲು ಬಹಳ ಸುಂದರ. ಬೇಲಿಯ ಬಳ್ಳಿಗಳಲ್ಲಿ ಸಿಗುತ್ತದೆ. ಹಿಂದೆ ಅಕ್ಕಸಾಲಿಗರು ಚಿನ್ನವನ್ನು ತೂಗಲು ಇದನ್ನೇ ಬಳಸುತ್ತಿದ್ದರು. ಆದರೆ ಅದರ ಗಟ್ಟಿ ಸಿಪ್ಪೆಯ ಒಳಗೆ ಘೋರವಾದ ವಿಷವಿದೆ. ಮಣಿ ಮಾಡಲು ತೂತು ಕೊರೆದರೆ ವಿಷ ಹೊರಗೆ ಬರುತ್ತದೆ. ಅಂಥ ಬೀಜವನ್ನು ಚಿಕ್ಕ ಮಗು ಬಾಯಿಗೆ ಹಾಕಿಕೊಂಡು ಅಗಿದರೆ ಜೀವಕ್ಕೇ ಅಪಾಯ.

ಭುಜಕೀರ್ತಿ, ಎದೆಪದಕ, ಕೈಕಟ್ಟುಗಳನ್ನೂ ಕಿರೀಟದಂತೆಯೇ ಮಾಡಬಹುದು. ಭುಜಕೀರ್ತಿಗೆ ಎರಡು ಲಾಡಿಗಳು ಬೇಕು. ಒಂದನ್ನು ಕಂಕುಳ ಕೆಳಗಿನಿಂದ, ಇನ್ನೊಂದನ್ನು ಬೆನ್ನಿನ ಹಿಂದಿನಿಂದ ಕಟ್ಟಬೇಕು. ಅಂಗಿಗೆ ಪಿನ್ನು ಚುಚ್ಚಿ ನಿಲ್ಲಿಸಿದರೆ ಕೈ ಎತ್ತಿದಾಗ ಅಂಗಿಯೂ ಹರಿಯುತ್ತದೆ, ಭುಜಕೀರ್ತಿಯೂ ಬೀಳುತ್ತದೆ. ಕಿವಿಯ ಕುಂಡಲಗಳನ್ನು ಕಿವಿಗೆ ನೇತು ಹಾಕಬೇಡಿರಿ. ಕಿರೀಟದ ಪಟ್ಟಿಯಿಂದಲೇ ದಾರ ಇಳಿಸಿ ಕಿವಿಯ ಬಳಿ ತೂಗಾಡುವಂತೆ ಮಾಡಿರಿ. ಕಿವಿ ಚುಚ್ಚಿಸಿಕೊಳ್ಳದ ಹುಡುಗರಿಗೂ ಇದು ಅನುಕೂಲ.

ಎಲ್ಲ ಮುಗಿದ ಮೇಲೆ ಕಿರೀಟವನ್ನು ಒಂದು ಕುರ್ಚಿಯ ಮೇಲಿಟ್ಟು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನೋಡಿರಿ. ನೀವು ಎರಡು ದಿನ ಕುಳಿತು ಬಿಡಿಸಿದ ಸಣ್ಣ ಬಳ್ಳಿ ಅಲ್ಲಿಂದ ಕಾಣದೇ ಹೋಗಬಹುದು. ಬೇಸರ ಪಡಬೇಡಿರಿ. ಅದರ ಸುತ್ತ ಕೆಂಪು ಅಥವಾ ಕಪ್ಪು ಅಂಚು ಕೊಟ್ಟರೆ ಎದ್ದು ಕಾಣುತ್ತದೆ.

ಆಮೇಲೆ ಅದನ್ನು ಧರಿಸಿ ಓಡಿರಿ, ಹತ್ತು ಸಲ ಹಾರಿರಿ, ನೆಲ ಮುಟ್ಟುವಂತೆ ಬಾಗಿರಿ, ನೀರು ಕುಡಿಯಿರಿ. ನಾನು ಚಿಕ್ಕವನಾಗಿದ್ದಾಗ ಕಂಡ ಒಂದು ನಾಟಕದಲ್ಲಿ ಈ ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ. ರಾಜನು ಋಷಿಯ ಪಾದಕ್ಕೆ ಬಾಗಿದನು. ಕಿರೀಟ ಜಾರಿ ಋಷಿಯ ತೊಡೆಯ ಮೇಲೆ ಬಿದ್ದಿತು. ಜನ ಗೊಳ್ಳೆಂದು ನಕ್ಕರು. ರಾಜನು ಅಳು ತಡೆದುಕೊಂಡು ನಿಂತನು. ಋಷಿಯ ಪಾತ್ರದ ಹುಡುಗ ಜಾಣ. ಕಿರೀಟವನ್ನು ಎತ್ತಿ ರಾಜನ ತಲೆಯ ಮೇಲೆ ತಾನೇ ಇಟ್ಟು ಆಶೀರ್ವಾದ ಮಾಡಿಬಿಟ್ಟನು. ಜನ ಚಪ್ಪಾಳೆ ತಟ್ಟಿದರು. ಆದರೆ ಎಲ್ಲ ನಾಟಕಗಳಲ್ಲೂ ಅಂಥ ಋಷಿ ಸಿಗುವುದಿಲ್ಲ.

ಹುಣಸೆ ಬೀಜದ ಅಂಟಿಗೆ ನೀರು ತಾಗಿದರೆ ಮೆತ್ತಗಾಗುತ್ತದೆ. ಆದ್ದರಿಂದ ಕಿರೀಟವನ್ನು ಮಳೆಗೆ, ಬೆವರಿಗೆ ಒಡ್ಡಬಾರದು. ನಾಟಕ ಮುಗಿದ ಕೂಡಲೇ ಒಳಗಿನ ಬಟ್ಟೆಯನ್ನು ತೆಗೆದು ಗಾಳಿಗೆ ಇಡಿರಿ. ಹುಣಸೆ ಬೀಜದ ವಾಸನೆಗೆ ಇಲಿ ಮತ್ತು ಹುಳುಗಳು ಬರುತ್ತವೆ. ಒಣಗಿದ ಬೇವಿನ ಎಲೆಗಳನ್ನು ಹಾಕಿ, ಪತ್ರಿಕೆಯ ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಇಡಿರಿ. ಶಾಲೆಯ ಕಪಾಟಿನ ಮೇಲೆ ಅದಕ್ಕೊಂದು ಜಾಗ ಕೇಳಿಕೊಳ್ಳಿರಿ.

ಪಟ್ಟಿಯ ತುದಿಗಳನ್ನು ಅಂಟಿಸುವ ಬದಲು ತೂತು ಮಾಡಿ ಲಾಡಿಯಿಂದ ಕಟ್ಟಿರಿ. ಮುಂದಿನ ವರ್ಷ ಬೇರೆ ಯಾರೋ ರಾಜನಾಗುತ್ತಾರೆ. ಅವರ ತಲೆ ಚಿಕ್ಕದಿರಬಹುದು, ದೊಡ್ಡದಿರಬಹುದು. ಲಾಡಿಯನ್ನು ಬಿಚ್ಚಿ ಬೇಕಾದಷ್ಟು ಬಿಗಿ ಮಾಡಿಕೊಳ್ಳಬಹುದು, ಸಡಿಲವೂ ಮಾಡಿಕೊಳ್ಳಬಹುದು.